ಕುಣಿಕೋಣೂರಿನಿಂದ ಕುಮಟಾಕ್ಕೆ: ಬಯಲುಸೀಮೆಯವರಿಗೆ ಅಳಿವೆ ದಂಡೆಯ ನಡಿಗೆಗಳು

ಜತ್ತ ತಾಲೂಕಿನ ಕುಣಿಕೋಣೂರ, ಸಂಖ, ಉಮದಿ ಕಡೆಯ ಮಂದಿಗೆ ನಡೆಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಗುಡ್ಡಾಪುರದ ದಾನಮ್ಮದೇವಿಗೆ ಪಾದಯಾತ್ರೆ, ಪಂಢರಪುರಕ್ಕೆ ದಿಂಡಿ, ಶ್ರೀಶೈಲದ ದಾರಿ ಅಂತ ವರ್ಷಕ್ಕೊಮ್ಮೆ ಹೆಗಲಿಗೆ ಚೀಲ ಏರಿಸಿ ಹೊರಡುವವರು ಅಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಅಂಥವರೇ ಗೋಕರ್ಣಕ್ಕೆ ಹೋದಾಗ ಮೂರು ಕಿಲೋಮೀಟರ್ ಉಸುಕಿನಲ್ಲಿ ನಡೆಯುವಷ್ಟರಲ್ಲಿ ಏದುಸಿರು ಬಿಡುತ್ತ ಕುಳಿತುಬಿಡುತ್ತಾರೆ. ಶಕ್ತಿ ಸಾಲದೆ ಅಲ್ಲ. ಒಣಗಾಳಿಯಲ್ಲಿ ಬೆವರು ಅಲ್ಲಲ್ಲೇ ಆರಿಹೋಗುವ ಸೀಮೆಯವರು ನಾವು. ಕರಾವಳಿಯ ಹಸಿಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಉಸುಕು ಪ್ರತಿ ಹೆಜ್ಜೆಯನ್ನೂ ಅರ್ಧ ಹಿಂದಕ್ಕೆ ಎಳೆಯುತ್ತದೆ. ಇದೆಲ್ಲಕ್ಕಿಂತ ದೊಡ್ಡ ಮಾತೆಂದರೆ, ಬೆಳಿಗ್ಗೆ ಹೋದ ದಾರಿ ಸಂಜೆಗೆ ನೀರಿನಡಿ ಇರಬಹುದು. ಅಲ್ಲಿ ನಡಿಗೆ ಕಷ್ಟವೋ ಸುಲಭವೋ ಎಂಬುದನ್ನು ಹೇಳುವುದು ಮೈಲಿಗಲ್ಲಲ್ಲ, ಉಬ್ಬರ-ಇಳಿತ.

ಈ ಲೇಖನ ಉತ್ತರ ಕನ್ನಡದ ಗೋಕರ್ಣದಿಂದ ಹೊನ್ನಾವರದವರೆಗಿನ ಪಟ್ಟಿಯ ಬಗ್ಗೆ. ಇಲ್ಲಿ ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ಮೂರು ನದಿಗಳು ಸ್ವಲ್ಪ ಸ್ವಲ್ಪ ದೂರಕ್ಕೆ ಸಮುದ್ರ ಸೇರುತ್ತವೆ. ಸೇರುವ ಜಾಗದಲ್ಲಿ ಸಮುದ್ರವೇ ಒಳಗೆ ಬಂದು ಊರುಗಳ ನಡುವೆ ಹರಡಿಕೊಂಡಿರುತ್ತದೆ. ಇದಕ್ಕೆ ಅಳಿವೆ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಹೀಗೆ ನೆಲದೊಳಕ್ಕೆ ನುಗ್ಗಿದ ಕಡಲ ತೋಳುಗಳನ್ನು ಲಾಕ್ ಎಂದು ಕರೆದು, ಅವುಗಳ ದಂಡೆಗುಂಟ ನಡೆಯುವುದಕ್ಕೆಂದೇ ಜಗತ್ತಿನ ಮಂದಿ ಹೋಗುತ್ತಾರೆ. ಅವು ಹಿಮನದಿ ಕೊರೆದ ಆಳವಾದ ಕಣಿವೆಗಳು, ನಮ್ಮವು ಆಳವಿಲ್ಲದ ಕೆಸರುನೆಲ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯೊಂದು ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೂ ಹೆಚ್ಚಿನ ಜಮೀನುಗಳ ಮೇಲೆ ಹಾದುಹೋಗುವ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಅಂಥ ಹಕ್ಕಿಲ್ಲ. ಗದ್ದೆಯಲ್ಲಿರುವವರನ್ನು ಒಂದು ಮಾತು ಕೇಳಿ ಮುಂದೆ ಹೋಗುವುದೇ ನಮ್ಮ ಪದ್ಧತಿ. ಕೇಳಿದರೆ ಬೇಡ ಎನ್ನುವವರು ಕಡಿಮೆ.

ಮೊದಲು ಹೋಗುವ ದಾರಿ. ಜತ್ತದಿಂದ ವಿಜಯಪುರಕ್ಕೆ ಬಂದರೆ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಹಾಯ್ದು ಅರಬೈಲ್ ಘಟ್ಟ ಇಳಿದು ನೇರ ಅಂಕೋಲೆಗೆ ಮುಟ್ಟಿಸುತ್ತದೆ. ಅಂಕೋಲೆಯಲ್ಲಿ ಅದು ಕರಾವಳಿಯ 66ನೇ ಹೆದ್ದಾರಿ ಸೇರಿ ಮುಗಿಯುತ್ತದೆ. ಎಡಕ್ಕೆ ತಿರುಗಿದರೆ ಗೋಕರ್ಣ, ಕುಮಟಾ, ಹೊನ್ನಾವರ ಒಂದರ ಹಿಂದೆ ಒಂದು. ಬಸ್ಸಿನವರು ಹುಬ್ಬಳ್ಳಿಯಲ್ಲಿ ಬದಲಿಸಿಕೊಳ್ಳುವುದು ಲೇಸು, ಅಲ್ಲಿಂದ ಕುಮಟಾ ಕಡೆಗೆ ಬಸ್ಸುಗಳಿವೆ. ರೈಲೇ ಬೇಕೆನ್ನುವವರು ಮಿರಜಕ್ಕೆ ಹೋಗಿ ಗೋವಾ ಎಕ್ಸ್‌ಪ್ರೆಸ್ ಹಿಡಿದು ಮಡಗಾಂವದಲ್ಲಿ ಇಳಿದು, ಅಲ್ಲಿ ಕೊಂಕಣ ರೈಲ್ವೆಯ ಗಾಡಿಗೆ ಬದಲಿಸಬೇಕು. ಕುಮಟಾ ಸ್ಟೇಶನ್ ಊರಿಗೆ ಹತ್ತಿರ. ‘ಗೋಕರ್ಣ ರೋಡ್’ ಸ್ಟೇಶನ್ ಮಾತ್ರ ಹೆಸರಿಗೆ ತಕ್ಕಂತೆ ರಸ್ತೆಯ ಮೇಲೇ ಇದೆ, ಊರು ಅಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು. ರಾತ್ರಿ ಹೊತ್ತು ಇಳಿಯುವವರು ರಿಕ್ಷಾದ ವಿಚಾರ ಮೊದಲೇ ಮಾಡಿಟ್ಟುಕೊಳ್ಳಬೇಕು.

ಹೋಗುವ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ. ಜತ್ತದ ಬಯಲಿನಲ್ಲಿ ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆಯಾದರೆ ಒಳ್ಳೆಯ ವರ್ಷ ಎನ್ನುತ್ತೇವೆ. ಈ ದಂಡೆಯಲ್ಲಿ ಮೂರು ಸಾವಿರ ಮಿಲಿಮೀಟರ್ ದಾಟುವುದು ಮಾಮೂಲು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಮಳೆಗಾಲದ ಕರಾವಳಿ ನೋಡಲು ಚಂದ ಎಂಬುದು ನಿಜ, ಆದರೆ ಅದು ಕಿಟಕಿಯಿಂದ ನೋಡುವ ಚಂದ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು, ಮಣ್ಣು ಗಂಗಾವಳಿ ನದಿಯವರೆಗೆ ಜಾರಿ ಜೀವ ಹೋದದ್ದು ಎಲ್ಲರಿಗೂ ನೆನಪಿದೆ. ಮಾರ್ಚ್ ನಂತರ ಸೆಕೆ ಶುರು. ಏಪ್ರಿಲ್, ಮೇ ತಿಂಗಳಲ್ಲೇ ಹೋಗಬೇಕಾಗಿ ಬಂದರೆ ಬೆಳಿಗ್ಗೆ ಒಂಬತ್ತರೊಳಗೆ ನಡಿಗೆ ಮುಗಿಸಿ. ಆ ದಿನಗಳಿಗೆ ಒಂದು ಲಾಭವಿದೆ: ಕುಮಟಾದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ, ಅಂಕೋಲೆಯ ಕರಿ ಇಶಾಡ ಮಾವು ಎರಡೂ ಸಿಗುತ್ತವೆ. ಉಳ್ಳಾಗಡ್ಡಿ ಬೆಳೆಯುವ ಸೀಮೆಯಿಂದ ಹೋದವರೂ ಆ ಈರುಳ್ಳಿಯನ್ನು ಹಸಿಯಾಗಿಯೇ ಒಮ್ಮೆ ತಿಂದು ನೋಡಬೇಕು.

ಇನ್ನು ಮುಖ್ಯ ವಿಷಯ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತು ಏರಿದ ಹೊತ್ತಿಗಿಂತ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಏರುತ್ತದೆ. ಇದನ್ನು ತಿಳಿಯಲು ಮೊಬೈಲೇ ಬೇಕೆಂದಿಲ್ಲ, ಮನೆಯ ಗೋಡೆಯ ಮೇಲಿನ ತಿಥಿ ಕ್ಯಾಲೆಂಡರ್ ಸಾಕು. ಈ ದಂಡೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಹಗಲು ಹನ್ನೊಂದು-ಹನ್ನೆರಡರ ಸುಮಾರಿಗೆ ನೀರು ತುಂಬಿ ನಿಂತಿರುತ್ತದೆ, ಸಂಜೆ ಐದು-ಆರರ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ. ಆ ದಿನಗಳಲ್ಲಿ ಏರಿಕೆಯೂ ಹೆಚ್ಚು, ಇಳಿಕೆಯೂ ಹೆಚ್ಚು, ನಡುವೆ ಎರಡು ಮೀಟರಿನ ಆಸುಪಾಸು ವ್ಯತ್ಯಾಸ ಬೀಳುತ್ತದೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗುಮುರುಗು: ಮಧ್ಯಾಹ್ನದ ಸುಮಾರಿಗೆ ಇಳಿತ, ಬೆಳಿಗ್ಗೆ ಸಂಜೆ ಉಬ್ಬರ, ಏರಿಳಿತವೂ ಸೌಮ್ಯ. ಇದು ಅಂದಾಜು ಮಾತ್ರ. ಹೊರಡುವ ದಿನ ದೋಣಿಯವರನ್ನೋ ಬಲೆ ಒಣಗಿಸುತ್ತಿರುವವರನ್ನೋ ‘ಅಣ್ಣಾ, ಇವತ್ತು ಇಳಿತ ಎಷ್ಟೊತ್ತಿಗೆ?’ ಎಂದು ಕೇಳಿದರೆ ನಿಮಿಷದ ಲೆಕ್ಕದಲ್ಲೇ ಹೇಳುತ್ತಾರೆ. ಇಳಿತದ ಹೊತ್ತಿಗೆ ಎರಡು ತಾಸು ಮುಂಚೆ ಹೊರಟು ಒಂದು ತಾಸು ಆದಮೇಲೆ ಮುಗಿಸುವಂತೆ ಲೆಕ್ಕ ಹಾಕಿದರೆ ಒದ್ದೆಯಾದ ಗಟ್ಟಿ ಉಸುಕಿನ ಮೇಲೆ ಆರಾಮಾಗಿ ನಡೆಯಬಹುದು. ಏರುವ ಹೊತ್ತಿಗೆ ಸಿಕ್ಕಿಬಿದ್ದರೆ ಮೇಲಿನ ಸಡಿಲ ಉಸುಕಿನಲ್ಲಿ ಕಾಲು ಹುಗಿಯುತ್ತ ಬರಬೇಕಾಗುತ್ತದೆ.

ಅಜ್ಜ, ಅಜ್ಜಿ, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋದವರು ಹೊನ್ನಾವರದಿಂದ ಶುರುಮಾಡಲಿ. ಶರಾವತಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಅರಣ್ಯ ಇಲಾಖೆಯವರು ನೆಲದಿಂದ ಎತ್ತರಿಸಿದ ಕಾಲುದಾರಿ ಹಾಕಿದ್ದಾರೆ. ಅದರ ಮೇಲೆ ಉಸುಕೂ ಇಲ್ಲ, ಏರೂ ಇಲ್ಲ. ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಒಂದು ತಾಸಿನಲ್ಲಿ ಸುತ್ತಿ ಬರಬಹುದು. ಗಡಿಬಿಡಿ ಮಾಡಿದರೆ ಮಾತ್ರ ಏನೂ ಕಾಣುವುದಿಲ್ಲ. ಇಳಿತದ ಹೊತ್ತಿಗೆ ಹೋಗಿ, ಒಂದೆಡೆ ಸುಮ್ಮನೆ ನಿಂತು ಕೆಳಗಿನ ಕೆಸರನ್ನೇ ನೋಡಿ. ಎರಡು ನಿಮಿಷಕ್ಕೆ ಬಿಲಗಳಿಂದ ಏಡಿಗಳು ಹೊರಬರುತ್ತವೆ. ಗಂಡು ಏಡಿಗೆ ಒಂದು ಕೊಂಡಿ ಮೈಗೇ ಭಾರವಾಗುವಷ್ಟು ದೊಡ್ಡದು, ಅದನ್ನು ಎತ್ತಿ ಎತ್ತಿ ಬೀಸುತ್ತಿರುತ್ತದೆ. ಕಪ್ಪೆಯಂತೆ ಕಣ್ಣು ಮೇಲಿಟ್ಟುಕೊಂಡ ಬೆರಳುದ್ದದ ಮೀನುಗಳು ನೀರಿಲ್ಲದ ಕೆಸರಿನ ಮೇಲೆ ರೆಕ್ಕೆ ಊರಿ ಜಿಗಿಯುತ್ತವೆ. ಕಾಂಡ್ಲಾ ಮರದ ಬೇರುಗಳು ಕೆಲವು ಕಡೆ ಕೊಂಬೆಯಿಂದ ಇಳಿದು ನೆಲಕ್ಕೆ ಊರಿಕೊಂಡಿರುತ್ತವೆ, ಕೆಲವು ಜಾತಿಯಲ್ಲಿ ಬೇರುಗಳೇ ಕೆಸರಿನಿಂದ ಮೇಲಕ್ಕೆ ಮೊಳೆಯಂತೆ ಎದ್ದು ನಿಂತಿರುತ್ತವೆ. ಉಪ್ಪು ಕೆಸರಿನಲ್ಲಿ ಗಾಳಿ ಆಡುವುದಿಲ್ಲ, ಅದಕ್ಕೇ ಬೇರು ಉಸಿರಾಡಲು ಹೊರಗೆ ಬರುತ್ತದೆ.

ಅಲ್ಲಿಂದಲೇ ಶರಾವತಿಯ ರೈಲು ಸೇತುವೆಯನ್ನೂ ನೋಡಿಕೊಳ್ಳಬಹುದು. ಎರಡು ಕಿಲೋಮೀಟರ್ ಮೀರಿದ ಈ ಸೇತುವೆ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ನದಿ ದಾಟಿದರೆ ಕಾಸರಕೋಡು. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಗಾಳಿಮರಗಳ ನೆರಳು ಇರುವುದರಿಂದ ಹೆಣ್ಣುಮಕ್ಕಳಿರುವ ಗುಂಪಿಗೆ ಅನುಕೂಲ. ಹತ್ತಿರದ ಅಪ್ಸರಕೊಂಡದ ಸಣ್ಣ ಜಲಪಾತಕ್ಕೆ ಅಕ್ಟೋಬರ್, ನವೆಂಬರಿನಲ್ಲಿ ಹೋದರೆ ಮಾತ್ರ ನೀರಿರುತ್ತದೆ. ಬೇಸಿಗೆಯಲ್ಲಿ ಗುಡ್ಡದ ಮೇಲಿನಿಂದ ಕಾಣುವ ಕಡಲಿಗಾಗಿ ಹತ್ತಬಹುದು.

ನನ್ನನ್ನು ಕೇಳಿದರೆ, ಈ ಪಟ್ಟಿಯ ನಿಜವಾದ ನಡಿಗೆ ಇರುವುದು ಅಘನಾಶಿನಿಯ ಒಳದಂಡೆಯಲ್ಲಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಈ ನದಿಗೆ ಒಂದೇ ಒಂದು ಅಣೆಕಟ್ಟಿಲ್ಲ. ಪಕ್ಕದ ಶರಾವತಿಗೆ ಲಿಂಗನಮಕ್ಕಿಯೂ ಇದೆ, ಗೇರುಸೊಪ್ಪೆಯೂ ಇದೆ. ಅಲ್ಲಿ ಕೆಳಗೆ ಎಷ್ಟು ಸಿಹಿನೀರು ಬರಬೇಕೆಂಬುದು ವಿದ್ಯುತ್ ಉತ್ಪಾದನೆಯ ಮೇಲೆ ನಿಂತಿದೆ. ಅಘನಾಶಿನಿಯಲ್ಲಿ ಅದನ್ನು ಮಳೆಯೇ ತೀರ್ಮಾನಿಸುತ್ತದೆ. ಮಳೆಗಾಲದಲ್ಲಿ ಅಳಿವೆ ಸಿಹಿ, ಬೇಸಿಗೆಯಲ್ಲಿ ಉಪ್ಪು. ಈ ಬದಲಾವಣೆಯನ್ನೇ ನಂಬಿ ಮೀನು, ಸಿಗಡಿ, ಬಳಚು (ಚಿಪ್ಪಿಮೀನು), ಭತ್ತ ಎಲ್ಲವೂ ಬದುಕುತ್ತವೆ. 2024ರ ಜನವರಿ ಕೊನೆಗೆ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ ಕೂಡ ಅದೇ ಸಲ ಸೇರಿದವು.

ಕುಮಟಾದಿಂದ ಮಾಣಿಕಟ್ಟದ ಕಡೆಗೆ ಹೋದರೆ ಗಜನಿ ಗದ್ದೆಗಳು ಸಿಗುತ್ತವೆ. ನಮ್ಮಲ್ಲಿ ಒಡ್ಡು ಹಾಕುವುದು ಬಿದ್ದ ಮಳೆನೀರು ಹೊಲದಲ್ಲೇ ನಿಲ್ಲಲಿ ಎಂದು. ಇಲ್ಲಿ ಒಡ್ಡು ಕಟ್ಟುವುದು ಹೊರಗಿನ ಉಪ್ಪುನೀರು ಗದ್ದೆಗೆ ನುಗ್ಗದಿರಲಿ ಎಂದು. ಒಡ್ಡಿಗೆ ಅಲ್ಲಲ್ಲಿ ಹಲಗೆಯ ಬಾಗಿಲು ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಒಳಗಿನ ಹೆಚ್ಚಿನ ನೀರು ಹೊರಗೆ ಹೋಗಬೇಕು, ಭತ್ತ ಕೊಯ್ದ ಮೇಲೆ ಹೊರಗಿನ ಉಪ್ಪುನೀರು ಮೀನುಮರಿ, ಸಿಗಡಿಮರಿ ಸಮೇತ ಒಳಗೆ ಬರಬೇಕು. ಎರಡಕ್ಕೂ ಅದೇ ಬಾಗಿಲು. ಇಲ್ಲಿ ಬೆಳೆಯುವ ಭತ್ತದ ತಳಿ ಕಗ್ಗ. ಆಳೆತ್ತರ ಬೆಳೆಯುತ್ತದೆ, ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಇಳುವರಿ ಕಡಿಮೆ, ಕೂಲಿಯವರು ಸಿಗುವುದಿಲ್ಲ, ಸಿಗಡಿಯಲ್ಲಿ ದುಡ್ಡು ಹೆಚ್ಚು, ಹೀಗಾಗಿ ಕಗ್ಗ ಬಿತ್ತುವವರು ಕಡಿಮೆಯಾಗಿದ್ದಾರೆ. ಮಾಣಿಕಟ್ಟದ ರೈತರು ಒಗ್ಗಟ್ಟಾಗಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಅಕ್ಟೋಬರಿನಲ್ಲಿ ಹೋದವರಿಗೆ ತೆನೆ ತುಂಬಿದ ಗದ್ದೆ ಸಿಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೋದವರಿಗೆ ನೀರು ತುಂಬಿದ ಗಜನಿ, ಅದರ ತುಂಬ ಬೆಳ್ಳಕ್ಕಿ, ಬಾತು, ದೂರದೇಶದಿಂದ ಬಂದ ಕಡಲಹಕ್ಕಿಗಳು.

ಒಡ್ಡಿನ ಮೇಲೆ ನಡೆಯುವುದು ಸುಲಭ, ಸಮತಟ್ಟು. ಆದರೆ ಇದು ಪ್ರವಾಸಿ ದಾರಿಯಲ್ಲ, ದುಡಿಮೆಯ ಜಾಗ. ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಒಡ್ಡಿನ ಅಂಚು ತುಳಿದು ಮಣ್ಣು ಕುಸಿಯುವಂತೆ ಮಾಡಬಾರದು. ಬಾಗಿಲಿನ ಹಲಗೆಯನ್ನು ಆಟಕ್ಕೆಂದೂ ಮುಟ್ಟಬಾರದು, ಒಂದು ಹಲಗೆ ಸರಿದರೆ ಊರಿನ ಇಡೀ ವರ್ಷದ ಸಿಗಡಿ ಹೊರಗೆ ಹೋಗಬಹುದು. ಒಡ್ಡಿನಿಂದ ಕೆಳಗಿನ ಕೆಸರಿಗೆ ಇಳಿಯಬೇಡಿ. ಮೇಲೆ ಗಟ್ಟಿಯಾಗಿ ಕಂಡರೂ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ, ಒಳಗೆ ಚಿಪ್ಪಿನ ಚೂರುಗಳು ಬ್ಲೇಡಿನಷ್ಟೇ ಹರಿತ.

ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಇಳಿತಕ್ಕೆ ಅಳಿವೆಯ ನಡುವಿನ ದಿಬ್ಬಗಳು ಹೊರಬೀಳುತ್ತವೆ. ಬಳಚು ಆರಿಸುವ ಹೆಂಗಸರು ದೋಣಿಯಲ್ಲಿ ಬಂದು ಅಲ್ಲಿ ಇಳಿಯುತ್ತಾರೆ. ಸೊಂಟ ಬಾಗಿಸಿ ಕಾಲಿನಿಂದಲೇ ಉಸುಕು ತಡಕಿ, ಸಿಕ್ಕಿದ್ದನ್ನು ಕೈಯಿಂದ ಎತ್ತಿ ನೀರಿನ ಮೇಲೆ ತೇಲುವ ಬುಟ್ಟಿಗೆ ಹಾಕುತ್ತಾರೆ. ನೀರು ಏರತೊಡಗಿದಂತೆ ಮೊಣಕಾಲು, ತೊಡೆ, ಸೊಂಟ. ಬುಟ್ಟಿ ಅರ್ಧವಿದ್ದರೂ ಎದೆಮಟ್ಟಕ್ಕೆ ಬರುವ ಮೊದಲೇ ದೋಣಿ ಹತ್ತಿಬಿಡುತ್ತಾರೆ. ಇಷ್ಟನ್ನು ದಂಡೆಯಲ್ಲಿ ಕೂತು ಒಮ್ಮೆ ನೋಡಿದವರಿಗೆ ಉಬ್ಬರದ ವೇಗವನ್ನು ಬೇರೆ ಹೇಳಿಕೊಡಬೇಕಿಲ್ಲ.

ಅಳಿವೆಯ ಬಾಯಲ್ಲಿ ಉತ್ತರಕ್ಕೆ ತದಡಿ, ದಕ್ಷಿಣಕ್ಕೆ ನದಿಯದೇ ಹೆಸರಿನ ಅಘನಾಶಿನಿ ಊರು. ನಡುವೆ ದೋಣಿ ಓಡಾಡುತ್ತದೆ. ಬುಟ್ಟಿ ಹೊತ್ತವರು, ಶಾಲೆಯ ಮಕ್ಕಳು, ಪೇಟೆಗೆ ಹೊರಟವರು ಎಲ್ಲರೂ ಹತ್ತುವ ದೋಣಿ ಅದು. ಅಘನಾಶಿನಿ ಊರಿನಿಂದ ದಕ್ಷಿಣಕ್ಕೆ ಕಾಗಾಲ, ಬಾಡ, ಹೊಲನಗದ್ದೆ ಮೂಲಕ ಕುಮಟಾದವರೆಗೆ ಉಸುಕಿನ ದಂಡೆಗಳೂ ನಡುನಡುವೆ ಕಲ್ಲಿನ ಮೂತಿಗಳೂ ಇವೆ. ಟ್ರೆಕಿಂಗ್ ಗುಂಪುಗಳು ಕುಮಟಾದಿಂದ ಗೋಕರ್ಣದವರೆಗೆ ಒಂದೇ ಉಸಿರಿಗೆ ನಡೆಯುವುದನ್ನು ಕೇಳಿರುತ್ತೀರಿ. ಇಪ್ಪತ್ತು ಕಿಲೋಮೀಟರ್ ಮೀರುವ ಅದು ‘ಸುಲಭ’ದ ಲೆಕ್ಕಕ್ಕೆ ಬರುವುದಿಲ್ಲ. ಕಾಗಾಲದಿಂದ ಬಾಡದವರೆಗಿನ ಉಸುಕುದಂಡೆ ಮಾತ್ರ ನಡೆದರೂ ಸಾಕು. ಜನ ಕಡಿಮೆ, ತೆಂಗಿನ ತೋಟದ ನೆರಳು ಪಕ್ಕದಲ್ಲೇ, ಸಾಕೆನಿಸಿದಲ್ಲಿ ಊರಿನೊಳಗೆ ಹೊರಳಿ ಬಸ್ಸು ಹಿಡಿಯಬಹುದು.

ಗೋಕರ್ಣದ ಕಡೆಯಲ್ಲಿ ಕುಡ್ಲೆ ದಂಡೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿ ಎಲ್ಲರಿಗೂ ಆಗುವಂಥದ್ದು. ಕೆಂಪುಗಲ್ಲಿನ ಹಾಸು, ಸ್ವಲ್ಪ ಏರು, ಅರ್ಧ ತಾಸಿನ ನಡಿಗೆ. ಓಂ ದಾಟಿ ಹಾಫ್ ಮೂನ್, ಪ್ಯಾರಡೈಸ್ ಎನ್ನುವ ದಂಡೆಗಳ ಕಡೆಗೆ ಹೋಗುವ ದಾರಿ ಬಂಡೆಯ ಅಂಚಿನಲ್ಲಿ ಸಾಗುತ್ತದೆ. ಮಕ್ಕಳಿದ್ದರೆ ಓಂನಲ್ಲೇ ನಿಲ್ಲಿಸಿ ದೋಣಿಯಲ್ಲಿ ಹೋಗಿಬನ್ನಿ. ಇದಕ್ಕಿಂತ ನನಗೆ ಇಷ್ಟವಾಗುವುದು ಊರಿನ ಹಿಂಬದಿಯ ದಾರಿ: ಗೋಕರ್ಣದಿಂದ ಬಂಕಿಕೊಡ್ಲ, ಹನೇಹಳ್ಳಿ, ಅಲ್ಲಿಂದ ಸಾಣಿಕಟ್ಟಾದ ಉಪ್ಪಿನಾಗರ. ಹನೇಹಳ್ಳಿ ಯಶವಂತ ಚಿತ್ತಾಲರ ಹುಟ್ಟೂರು. ಅವರ ಕಥೆ ಓದಿ ಹೋದವರಿಗೆ ಆ ಅಡಿಕೆ-ತೆಂಗಿನ ಓಣಿಗಳು ಬೇರೆಯೇ ಕಾಣುತ್ತವೆ. ಸಾಣಿಕಟ್ಟಾದಲ್ಲಿ ಉಪ್ಪಿನ ಮಾಲೀಕರ ಸಹಕಾರಿ ಸಂಘ ಇವತ್ತಿಗೂ ಅಳಿವೆಯ ನೀರನ್ನು ಪಾತಿಗಳಿಗೆ ಹಾಯಿಸಿ ಬಿಸಿಲಿಗೆ ಉಪ್ಪು ತೆಗೆಯುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಹೋದರೆ ಉಪ್ಪನ್ನು ಎಳೆದು ಗುಡ್ಡೆ ಹಾಕುವುದು ಕಾಣುತ್ತದೆ. ಪಾತಿಯೊಳಗೆ ಕಾಲಿಡಬೇಡಿ, ಬದುವಿನ ಮೇಲೇ ಇರಿ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಅಷ್ಟು ಜೋರಾಗಿ ನಡೆದದ್ದೇಕೆ ಎಂಬುದು ಈ ಪಾತಿಗಳನ್ನು ನೋಡಿದಾಗ ಅರ್ಥವಾಗುತ್ತದೆ: ಇಲ್ಲಿ ಉಪ್ಪು ಎಂದರೆ ಮನೆಮುಂದಿನ ಬೆಳೆ.

ಕುಮಟಾ ಹಾಗೂ ಗೋಕರ್ಣದ ನಡುವೆ ಮಿರ್ಜಾನ ಕೋಟೆಗೆ ಒಂದೂವರೆ ತಾಸು ಇಟ್ಟುಕೊಳ್ಳಿ. ಹೆದ್ದಾರಿಗೆ ಹತ್ತಿರ, ಕೆಂಪುಗಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು. 16ನೇ ಶತಮಾನದಲ್ಲಿ ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಈ ಕೋಟೆ ಕೂಡಿಕೊಂಡಿದೆ. ಮೆಣಸಿನ ವ್ಯಾಪಾರದ ಹಿಡಿತ ಅವಳ ಕೈಯಲ್ಲಿತ್ತೆಂದು ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ದಕ್ಷಿಣಕ್ಕೆ ಇನ್ನೂ ದೂರ ಹೋಗುವವರು ಮರವಂತೆಯ ಬಗ್ಗೆ ಕೇಳುತ್ತಾರೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಸ್ತೆ. ಆ ರಸ್ತೆಯೇ 66ನೇ ಹೆದ್ದಾರಿ, ಟ್ರಕ್ಕುಗಳ ಸಾಲು. ಗಾಡಿ ನಿಲ್ಲಿಸಿ ಫೋಟೊ ತೆಗೆಯಲು ಸರಿ, ನಡಿಗೆಗೆ ಅಲ್ಲ.

ಕಾಲಿಗೆ ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಇರಲಿ. ಬೂಟಿನೊಳಗೆ ಉಸುಕು ಸೇರಿದರೆ ಗುಳ್ಳೆ ಏಳುವುದು ಖಂಡಿತ, ಕೊಲ್ಲಾಪುರಿ ಚಪ್ಪಲಿ ಉಪ್ಪುನೀರಿಗೆ ಎರಡೇ ದಿನದಲ್ಲಿ ಕೆಡುತ್ತದೆ. ತೆಳ್ಳನೆಯ ಹತ್ತಿ ಬಟ್ಟೆ, ತಲೆಗೆ ಟವೆಲ್. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಜೊತೆಗೆ ಚಿಟಿಕೆ ಉಪ್ಪು ಸಕ್ಕರೆ. ದಾರಿಯಲ್ಲಿ ಕೋಕಂ ಪಾನಕ, ಎಳನೀರು ಸಿಗುತ್ತವೆ. ಬುತ್ತಿಗೆ ಕಟಕು ರೊಟ್ಟಿ, ಶೇಂಗಾ ಚಟ್ನಿ ಒಯ್ದರೆ ಅಲ್ಲಿನ ಹಸಿಗಾಳಿಗೆ ರೊಟ್ಟಿ ಸಂಜೆಯೊಳಗೆ ಮೆತ್ತಗಾಗುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಡಿ. ಮಾತಿಗೆ ತೊಂದರೆಯಿಲ್ಲ, ಅವರ ಕನ್ನಡದ ರಾಗ ಬೇರೆ ಅಷ್ಟೆ. ಕೊಂಕಣಿ ಮನೆಮಾತಿನವರೂ ಬೇಕಾದಷ್ಟಿದ್ದಾರೆ, ಜತ್ತದವರ ಮರಾಠಿ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಕೆರೆ-ಬಾವಿಯಲ್ಲಿ ಈಜು ಕಲಿತ ಹುಡುಗರಿಗೆ ಮಾತ್ರ ಗಟ್ಟಿಯಾಗಿ ಹೇಳಿಕೊಡಿ. ಅಳಿವೆಯ ಬಾಯಲ್ಲಿ ಈಜುವಂತಿಲ್ಲ. ಇಳಿತದ ಹೊತ್ತಿಗೆ ನದಿಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಕ್ಕೆ ಎಳೆಯುತ್ತವೆ, ಎಂಥ ಈಜುಗಾರನೂ ಅದಕ್ಕೆದುರು ನಿಲ್ಲಲಾರ. ದಂಡೆಯಲ್ಲಿ ಅಲೆ ಒಡೆಯದೆ ಸಪಾಟಾಗಿ ಕಾಣುವ ಪಟ್ಟಿ ಸುರಕ್ಷಿತವೆಂದು ತಿಳಿಯಬೇಡಿ, ಬಂದ ನೀರು ವಾಪಸು ಹೋಗುವ ಎಳೆತದ ದಾರಿ ಹೆಚ್ಚಾಗಿ ಅದೇ ಆಗಿರುತ್ತದೆ. ಸಿಕ್ಕಿಬಿದ್ದರೆ ದಡದ ಕಡೆಗೇ ಗುದ್ದಾಡದೆ, ದಂಡೆಗೆ ಸಮಾಂತರವಾಗಿ ಅಡ್ಡ ಈಜಿ ಎಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು.

ಮೊದಲ ಸಲ ಹೋಗುವವರಿಗೆ ಎರಡು ದಿನ ಸಾಕು. ಕುಮಟಾದಲ್ಲಿ ಉಳಿದುಕೊಳ್ಳಿ. ಅಷ್ಟಮಿ ಆಸುಪಾಸಿನ ದಿನ ಹಿಡಿದರೆ ಹಗಲಿಗೇ ಇಳಿತ ಸಿಗುತ್ತದೆ. ಮೊದಲ ದಿನ ಹೊನ್ನಾವರದ ಕಾಂಡ್ಲಾ ದಾರಿ, ಕಾಸರಕೋಡು. ಎರಡನೆಯ ದಿನ ಬೆಳಿಗ್ಗೆ ಮಾಣಿಕಟ್ಟದ ಗಜನಿ, ಮಧ್ಯಾಹ್ನದೊಳಗೆ ಕಾಗಾಲದ ದಂಡೆ, ಬಿಸಿಲು ಇಳಿದ ಮೇಲೆ ಅಘನಾಶಿನಿಯಿಂದ ದೋಣಿಯಲ್ಲಿ ತದಡಿಗೆ ದಾಟಿ ಗೋಕರ್ಣ. ದೋಣಿ ಹತ್ತುವ ಮೊದಲು ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ಅದು ತಪ್ಪಿದರೆ ಕಣ್ಣೆದುರಿಗೇ ಕಾಣುವ ಆಚೆ ದಡಕ್ಕೆ ಕುಮಟಾ, ಮಿರ್ಜಾನದ ಮೇಲೆ ಸುತ್ತಿ ನಲವತ್ತು ಕಿಲೋಮೀಟರ್ ಆಸುಪಾಸಿನ ರಸ್ತೆ ಹಿಡಿಯಬೇಕಾಗುತ್ತದೆ.